ಗಂಡಿಕೋಟದ ಕಮರಿಗೆ ಬಾಡಿಗೆ ಕ್ಯಾಂಪರ್ ವ್ಯಾನ್: ದಾವಣಗೆರೆಯವರು ಮೊದಲೇ ಕೇಳಬೇಕಾದ ಲೆಕ್ಕಗಳು

ಶಿವರಾತ್ರಿಯ ರಜೆಯಲ್ಲಿ ಬೆಂಗಳೂರಿನ ಸಂಸ್ಥೆಯೊಂದರಿಂದ ಕ್ಯಾಂಪರ್ ವ್ಯಾನ್ ಬಾಡಿಗೆಗೆ ಪಡೆದು, ದಾವಣಗೆರೆಯಿಂದ ಆಂಧ್ರದ ಗಂಡಿಕೋಟಕ್ಕೆ ನಾಲ್ಕು ದಿನಗಳ ಪ್ರವಾಸ ಮಾಡಿ ಬಂದೆವು. ಮಂಡಿನೋವಿರುವ ನನ್ನ ತಂದೆಯವರಿಗೆ ಈಗ 72 ವರ್ಷ. ರಾತ್ರಿ ಎರಡು ಬಾರಿಯಾದರೂ ಏಳಬೇಕಾಗುತ್ತದೆ. ಡೇರೆಯಲ್ಲಿ ಮಲಗಿ, ಕತ್ತಲಲ್ಲಿ ಕಲ್ಲು ತುಳಿಯುತ್ತ ಶೌಚಾಲಯ ಹುಡುಕುವುದು ಅವರಿಂದ ಆಗದ ಕೆಲಸವಾದ್ದರಿಂದ, ಮಂಚ, ಒಲೆ, ಶೌಚಾಲಯ ಮೂರೂ ಒಳಗೇ ಇರುವ ವಾಹನವನ್ನು ಆರಿಸಿಕೊಂಡೆವು.

ವಾಹನವು ಮಾರ್ಪಡಿಸಿದ ಟೆಂಪೊ ಟ್ರಾವೆಲರ್. ಚಾಲಕರು ಸಂಸ್ಥೆಯವರೇ. ಬಾಡಿಗೆ ದಿನಕ್ಕೆ 9,000 ರೂಪಾಯಿ, ದಿನಕ್ಕೆ 250 ಕಿ.ಮೀ. ಮಿತಿ, ಮೀರಿದರೆ ಕಿ.ಮೀ.ಗೆ 25 ರೂಪಾಯಿ. ನಾಲ್ಕು ದಿನಕ್ಕೆ 1,000 ಕಿ.ಮೀ. ಧಾರಾಳವಾಯಿತು ಎಂದುಕೊಂಡಿದ್ದ ನಾನು, ಕಿಲೋಮೀಟರಿನ ಲೆಕ್ಕ ಬೆಂಗಳೂರಿನ ಗ್ಯಾರೇಜಿನಿಂದ ಶುರುವಾಗಿ ಅಲ್ಲಿಗೇ ಮುಗಿಯುತ್ತದೆ ಎಂಬ ಒಂದು ಸಾಲನ್ನು ಒಪ್ಪಂದದಲ್ಲಿ ಗಮನಿಸಿರಲಿಲ್ಲ. ದಾವಣಗೆರೆಗೆ ಖಾಲಿ ಬಂದು ಖಾಲಿ ಹೋಗುವುದಕ್ಕೇ ಸುಮಾರು 520 ಕಿ.ಮೀ. ಖರ್ಚಾಯಿತು. ಕೊನೆಗೆ 270 ಕಿ.ಮೀ. ಹೆಚ್ಚಾಗಿ 6,750 ರೂಪಾಯಿ ತೆತ್ತೆವು. ಹೊರರಾಜ್ಯದ ತೆರಿಗೆ ಅದರ ಮೇಲೆ ಬೇರೆ. ನಮ್ಮ ಕಡೆಯವರು ಅನಂತಪುರದವರೆಗೆ ಬಸ್ಸಿನಲ್ಲಿ ಹೋಗಿ ವ್ಯಾನನ್ನು ಅಲ್ಲಿಗೇ ಕರೆಸಿಕೊಂಡರೆ ಮಿತಿಯೊಳಗೇ ಪ್ರವಾಸ ಮುಗಿಯುತ್ತದೆ. ಚಿತ್ರದುರ್ಗ, ಚಳ್ಳಕೆರೆ, ಕಲ್ಯಾಣದುರ್ಗದ ಮೇಲಿನ ಆ ದಾರಿಯಲ್ಲಿ ವ್ಯಾನಿನ ಒಳಗೆ ಕೂತು ನಾವು ಅನುಭವಿಸಿದ ವಿಶೇಷ ಸುಖವೇನೂ ಇಲ್ಲ. ರಸ್ತೆಯ ಉಬ್ಬು ಬಂದಾಗಲೆಲ್ಲ ಬೀರುವಿನ ಬಾಗಿಲು ತೆರೆದುಕೊಂಡು ತಟ್ಟೆಗಳು ಕೆಳಗೆ ಬೀಳುತ್ತಿದ್ದವು.

ವ್ಯಾನ್ ತನ್ನ ಬೆಲೆ ತೋರಿಸಿದ್ದು ನಿಂತ ಮೇಲೆ. ಜಮ್ಮಲಮಡುಗು ದಾಟಿ ಗಂಡಿಕೋಟ ತಲುಪಿದ ಸಂಜೆ, ಊರಿನವರೊಬ್ಬರಿಗೆ ಬಾಡಿಗೆ ಕೊಟ್ಟು ಅವರ ಹೊಲದಂಚಿನಲ್ಲಿ ನಿಲ್ಲಿಸಿಕೊಂಡೆವು. ಬೆಳಿಗ್ಗೆ ಆರೂವರೆಗೆ ತಂದೆಯವರನ್ನು ಮಡಚುವ ಕುರ್ಚಿಯೊಂದಿಗೆ ಕಮರಿಯತ್ತ ನಿಧಾನವಾಗಿ ನಡೆಸಿಕೊಂಡು ಹೋದೆ. ಬಿಸಿಲು ಮೊದಲು ಎದುರು ದಡದ ತುದಿಯ ಕಲ್ಲುಗಳನ್ನು ಮುಟ್ಟಿ, ಒಂದೊಂದೇ ಪದರವನ್ನು ಕೆಂಪಾಗಿಸುತ್ತ ಕೆಳಗಿಳಿಯಿತು. ತಳದಲ್ಲಿದ್ದ ನೀರು ಕೊನೆಯವರೆಗೂ ಕಪ್ಪಾಗಿಯೇ ಇತ್ತು. ಆ ನದಿ ಪೆನ್ನಾರ್, ಅಂದರೆ ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ. ಎರ್ರಮಲ ಬೆಟ್ಟಗಳನ್ನು ಸೀಳಿಕೊಂಡು ಅದು ಮಾಡಿಕೊಂಡ ಗಂಡಿಯೇ ಊರಿಗೆ ಹೆಸರಾಗಿದೆ. ಓಬವ್ವನ ಕಿಂಡಿಯ ಊರಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿತ್ರದುರ್ಗದ ಗ್ರಾನೈಟ್ ಬಂಡೆಗಳು ಉರುಟಾಗಿ ಒಂದರ ಮೇಲೊಂದು ಕೂತಿದ್ದರೆ, ಇಲ್ಲಿಯ ಬೆಣಚುಕಲ್ಲು ಪದರಪದರವಾಗಿ, ಚೌಕವಾಗಿ ಒಡೆದು, ಗಾರೆಯವರು ಇಟ್ಟಿಗೆ ಜೋಡಿಸಿ ಅರ್ಧಕ್ಕೇ ಬಿಟ್ಟುಹೋದಂತೆ ಕಾಣುತ್ತದೆ. ಅಂಚಿಗೆ ಕಂಬಿಬೇಲಿಯಿಲ್ಲದಿರುವುದರಿಂದ ಮಕ್ಕಳನ್ನು ಕರೆದೊಯ್ಯುವವರು ಕೈ ಬಿಡಬಾರದು. ವಿಜಯನಗರದ ಅಧೀನದಲ್ಲಿದ್ದ ಪೆಮ್ಮಸಾನಿ ನಾಯಕರ ಕೋಟೆ, ಮಾಧವರಾಯನ ಗುಡಿ, ಮಸೀದಿ, ಕಣಜ ಎಲ್ಲವನ್ನೂ ಬಿಸಿಲೇರುವ ಮುನ್ನ ನೋಡಿ ಮುಗಿಸಿದೆವು.

ಮಧ್ಯಾಹ್ನದ ಮಾತು ಬೇರೆ. ಫೆಬ್ರವರಿ ಕೊನೆಯ ಬಿಸಿಲಿಗೆ ವ್ಯಾನಿನ ತಗಡು ಕಾದು, ರಾತ್ರಿ ಹತ್ತರವರೆಗೂ ತಣ್ಣಗಾಗಲಿಲ್ಲ. ಇಡೀ ರಾತ್ರಿ ಎ.ಸಿ. ಓಡುತ್ತದೆ ಎಂದು ಸಂಸ್ಥೆಯವರು ಫೋನಿನಲ್ಲಿ ಹೇಳಿದ್ದರು. ನಮ್ಮಲ್ಲಿ ಅದು ಒಂದೂವರೆ ಗಂಟೆ ಓಡಿ ನಿಂತಿತು. ಬ್ಯಾಟರಿಯ ಮೇಲಿನ ಚೀಟಿಯನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. 12 ವೋಲ್ಟಿನ, 100 ಆಂಪಿಯರ್-ಅವರ್‌ನ ಎರಡು ಬ್ಯಾಟರಿಗಳಲ್ಲಿ ತುಂಬಿರುವುದು ಒಟ್ಟು 2,400 ವ್ಯಾಟ್-ಅವರ್, ಎ.ಸಿ. ಎಳೆಯುವುದು 1,200 ವ್ಯಾಟ್, ಅಂದರೆ ಹೆಚ್ಚೆಂದರೆ ಎರಡು ಗಂಟೆಯ ಓಟ. ಹೊರಗಿನಿಂದ ಕರೆಂಟಿನ ವೈರ್ ಎಳೆದುಕೊಳ್ಳುವ ಜಾಗದಲ್ಲಿ ನಿಲ್ಲಿಸಿದರೆ ಮಾತ್ರ ಎ.ಸಿ.ಯನ್ನು ನಂಬಬಹುದು. ಎರಡನೆಯ ರಾತ್ರಿ ಕಿಟಕಿಗಳ ಸೊಳ್ಳೆಪರದೆ ಎಳೆದು, ಫ್ಯಾನ್ ಹಾಕಿಕೊಂಡು, ಮೊದಲ ರಾತ್ರಿಗಿಂತ ಚೆನ್ನಾಗಿಯೇ ಮಲಗಿದೆವು.

ನೀರಿನ ಟ್ಯಾಂಕ್ 80 ಲೀಟರಿನದು. ನಾಲ್ವರ ಒಂದು ಸ್ನಾನಕ್ಕೆ ಅರ್ಧಕ್ಕಿಂತ ಹೆಚ್ಚು ಖಾಲಿಯಾಯಿತು. ಆಮೇಲೆ ಜಮ್ಮಲಮಡುಗಿನಿಂದ 20 ಲೀಟರಿನ ಕ್ಯಾನುಗಳನ್ನು ತರಿಸಿಕೊಂಡೆವು. ಒಲೆ ಚಿಕ್ಕದು, ಹೆಂಚು ಇಟ್ಟರೆ ಗಾಜಿನ ಕಿಟಕಿಗೆ ಬಿಸಿ ತಗಲುತ್ತದೆ. ಮನೆಯಿಂದ ಕಟ್ಟಿಕೊಂಡು ಹೋದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮತ್ತು ಒಂದು ಚೀಲ ಮಂಡಕ್ಕಿ ನಮ್ಮ ಮರ್ಯಾದೆ ಕಾಪಾಡಿದವು. ಪಕ್ಕದ ಮಡಚುವ ಚಪ್ಪರವನ್ನು ಸಂಜೆ ಮಡಚಿಡುವುದು ಒಳ್ಳೆಯದು. ಕಮರಿಯಿಂದ ಏಳುವ ಗಾಳಿ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಗಾಳಿಗೆ ಏನೂ ಕಡಿಮೆಯಿಲ್ಲ.

ಶೌಚಾಲಯದ ಪೆಟ್ಟಿಗೆಯನ್ನು ಖಾಲಿ ಮಾಡುವವರು ಯಾರು ಎಂಬುದು ಒಪ್ಪಂದದಲ್ಲಿ ಇರಲಿಲ್ಲ. ಮೂರನೆಯ ಬೆಳಿಗ್ಗೆ ಚಾಲಕರು, "ಅದು ನಮ್ ಕೆಲಸ ಅಲ್ಲ ಸಾರ್" ಎಂದು ವಿನಯವಾಗಿಯೇ ಹೇಳಿ ಚಹಾ ಕುಡಿಯಲು ಹೋದರು. ಬೇಲಂ ಗುಹೆಯ ಬಳಿ ಪೆಟ್ರೋಲ್ ಬಂಕಿನವರ ಅನುಮತಿ ಕೇಳಿ, ಅವರ ಶೌಚಾಲಯದಲ್ಲಿ ನಾನೇ ಖಾಲಿ ಮಾಡಿ ತೊಳೆದೆ. ಗುಹೆಯ ಒಟ್ಟು ಉದ್ದ 3,229 ಮೀಟರ್, ಜನರಿಗೆ ತೆರೆದಿರುವುದು ಸುಮಾರು ಅರ್ಧ; ಒಳಗಿನ ಸೆಕೆಗೆ ಹೆದರಿ ತಂದೆಯವರು ಬೇವಿನ ನೆರಳಲ್ಲಿ ವ್ಯಾನಿನ ಬಾಗಿಲು ತೆರೆದುಕೊಂಡು ನಿದ್ದೆ ಮಾಡಿದರು.

ಮನೆಗೆ ಬಂದ ಮೇಲೆ ಅವರನ್ನೇ ಅಂಕ ಕೊಡಲು ಕೇಳಿದೆ. ಶೌಚಾಲಯಕ್ಕೆ ಪೂರ್ತಿ ಕೊಟ್ಟರು. ಮಂಚ ಅಡ್ಡಲಾಗಿ ಐದೂವರೆ ಅಡಿ, ಅವರು ಆರಡಿ. ಅದಕ್ಕೆ ಅರ್ಧ ಅಂಕವೂ ಹೆಚ್ಚೆಂದರು.