ಮೊಮ್ಮಗಳ ಕೈಗೆ ಕಟ್ಟಿದ ಜಿಪಿಎಸ್ ವಾಚ್: ಎಂಟು ತಿಂಗಳು ಬಳಸಿದ ಮೇಲೆ

ಹೋದ ವರ್ಷ ದಸರಾ ಸೂಟಿ ಮುಗಿಯುವ ಹೊತ್ತಿಗೆ ಮಗ ಈ ವಾಚ್ ತಂದ. ಮಗು ಎಲ್ಲಿದೆ ಅಂತ ಫೋನಿನಲ್ಲಿ ತೋರಿಸುತ್ತದಲ್ಲ, ಆ ವಾಚ್. ನಾಲ್ಕು ಸಾವಿರದ ಇನ್ನೂರು ಚಿಲ್ಲರೆ ಕೊಟ್ಟಿದ್ದ. ಅವನ ಕೆಲಸ ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಯಲ್ಲಿ, ಸೊಸೆಯದು ಬ್ಯಾಂಕಿನಲ್ಲಿ. ಶಾಲೆ ಬಿಟ್ಟ ಮೇಲೆ ದೀಪ ಹಚ್ಚುವ ಹೊತ್ತಿನವರೆಗೂ ಹುಡುಗಿ ನನ್ನ ಜವಾಬ್ದಾರಿ. ಹನ್ನೊಂದು ವರ್ಷ, ಆರನೇ ಕ್ಲಾಸು. ವಾಚ್ ಕಟ್ಟಿದ್ದು ಅವಳ ಕೈಗೆ, ಆ್ಯಪ್ ಹಾಕಿಕೊಟ್ಟಿದ್ದು ನನ್ನ ಫೋನಿಗೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಬಗೆಯ ವಾಚ್ ಬಂಧುಗಳ ಮಕ್ಕಳ ಕೈಯಲ್ಲೂ ನೋಡಿದ್ದೇನೆ, ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ.

ಮೊದಲು ಕೊಳ್ಳುವವರಿಗೆ ಬೇಕಾದ ಮಾತು. ವಾಚಿನೊಳಗೆ ಒಂದು ನ್ಯಾನೋ ಸಿಮ್ ಬೇಕು, ಅದಕ್ಕೆ ಪ್ರತ್ಯೇಕ ರೀಚಾರ್ಜು. ಇದನ್ನು ಲೆಕ್ಕಕ್ಕೆ ಹಿಡಿದೇ ಬೆಲೆ ನೋಡಿರಿ. 4ಜಿ ಇರುವುದನ್ನೇ ಕೊಳ್ಳಿರಿ. 2ಜಿ ಮಾತ್ರ ಇರುವ ಅಗ್ಗದ ವಾಚಿನಲ್ಲಿ ಜಿಯೋ ಸಿಮ್ ನಡೆಯುವುದಿಲ್ಲ. ನಿಮಿಷಕ್ಕೊಮ್ಮೆ ಜಾಗ ತೋರಿಸಲಿ ಎಂದು ಇಟ್ಟರೆ ಬೆಳಗ್ಗೆ ತುಂಬಿದ್ದ ಬ್ಯಾಟರಿ ಸಂಜೆಗೆ ಮುಗಿಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಇಟ್ಟರೆ ಮರುದಿನ ಮಧ್ಯಾಹ್ನದ ತನಕ ಬರುತ್ತದೆ. ರಬ್ಬರಿನ ಪಟ್ಟಿ ನಮ್ಮ ಊರಿಗಲ್ಲ. ಏಪ್ರಿಲ್–ಮೇ ತಿಂಗಳ 42–43 ಡಿಗ್ರಿ ಬಿಸಿಲಿಗೆ ಅದರ ಕೆಳಗೆ ಬೆವರುಸಾಲೆ ಎದ್ದು ಹುಡುಗಿ ರಾತ್ರಿಯೆಲ್ಲ ಕೆರೆದುಕೊಂಡಳು. ದರ್ಜಿಯ ಹತ್ತಿರ ಹತ್ತಿಬಟ್ಟೆಯ ಪಟ್ಟಿ ಹೊಲಿಸಿದ ಮೇಲೆ ನೆಟ್ಟಗಾಯಿತು. ಫೋನ್ ಮಾಡಿದರೆ ಧ್ವನಿ ಸ್ಪಷ್ಟವಾಗಿ ಕೇಳುತ್ತದೆ. ಆಪತ್ತಿನ ಗುಂಡಿಯನ್ನು ಒತ್ತಿ ಹಿಡಿದರೆ ನಮ್ಮ ಮೂವರ ಫೋನಿಗೂ ಒಂದಾದ ಮೇಲೆ ಒಂದು ಕರೆ ಬರುತ್ತದೆ. ಆ ಗುಂಡಿಗೆ ಪೂರ್ತಿ ಅಂಕ ಕೊಡುತ್ತೇನೆ.

ಇನ್ನು ಆ ನಕ್ಷೆಯ ವಿಷಯ.

ನಾನು ಅವಳಷ್ಟಿದ್ದಾಗ, ಅಂದರೆ 1980ರ ಆಚೀಚೆ, ಬ್ರಹ್ಮಪುರದ ಇದೇ ಓಣಿಯಲ್ಲಿ ಇದ್ದೆ. ಊರಿನ ಹೆಸರು ಆಗ ಗುಲ್ಬರ್ಗಾ. ಹೊರಗೆ ಹೊರಟಾಗ ಅವ್ವ ಕೇಳುತ್ತಿದ್ದುದು ಒಂದೇ ಮಾತು: "ಉಂಡೀ?" ಉಂಡಿದ್ದರೆ ಮುಗಿಯಿತು. ಎಲ್ಲಿಗೆ, ಯಾರ ಜೊತೆ ಎಂದು ಕೇಳಿದ ನೆನಪೇ ಇಲ್ಲ. ಮಸೀದಿಯಲ್ಲಿ ಸಂಜೆಯ ಆಜಾನ್ ಆಗುವಾಗ ಹೊಸ್ತಿಲ ಒಳಗಿರಬೇಕು, ಅದೊಂದೇ ಕಟ್ಟಳೆ. ನಮ್ಮದು ಲಿಂಗಾಯತರ ಮನೆ, ಆದರೂ ಮಕ್ಕಳ ಗಡಿಯಾರ ಅದೇ ಆಜಾನ್. ಎಷ್ಟೇ ಆಟ ರಂಗಿಗೇರಿರಲಿ, ಆ ದನಿ ಎದ್ದೊಡನೆ ಲಗೋರಿಯ ಕಲ್ಲು ಬಿದ್ದಲ್ಲೇ ಬಿಟ್ಟು ಓಡುತ್ತಿದ್ದೆವು.

ಬೇಸಿಗೆಯಲ್ಲಿ ಅಂಗಳದ ಫರ್ಸಿ ಕಾದು ಹೆಂಚಿನಂತಾಗುತ್ತಿತ್ತು. ಶಹಾಬಾದಿನ ಕಲ್ಲು ಬೆಳಗ್ಗೆ ಎಷ್ಟು ತಂಪೋ ಮಧ್ಯಾಹ್ನ ಅಷ್ಟು ಬೆಂಕಿ. ಬರಿಗಾಲಲ್ಲಿ ಬೇವಿನ ಗಿಡದ ನೆರಳಿನಿಂದ ಗೋಡೆಯ ನೆರಳಿಗೆ, ಅಲ್ಲಿಂದ ಇನ್ನೊಂದು ಗಿಡದ ನೆರಳಿಗೆ ಜಿಗಿಯುತ್ತ ಹೋದರೆ ಕೋಟೆ ಬರುತ್ತಿತ್ತು. ಕೋಟೆಯಲ್ಲಿ ಬಾರಾ ಗಜ್ ತೋಪು, 29 ಅಡಿ ಉದ್ದದ್ದು. ಅದರ ಬೆನ್ನ ಮೇಲೆ ಕೈ ಬಿಟ್ಟು ಈ ತುದಿಯಿಂದ ಆ ತುದಿಗೆ ನಡೆಯುವುದು ನಮ್ಮ ಪಂತ. ಬಿಸಿಲು ತಾಳದಾದಾಗ ಜಾಮಾ ಮಸೀದಿ. 1367ರಲ್ಲಿ ಕಟ್ಟಿದ್ದು, ಬೇರೆ ಮಸೀದಿಗಳ ಹಾಗೆ ನಡುವೆ ತೆರೆದ ಅಂಗಳವಿಲ್ಲ, ಪೂರ್ತಿ ಗುಮ್ಮಟಗಳ ಚಾವಣಿ. ಒಳಗೆ ಹೊಕ್ಕರೆ ಬಾವಿಯ ನೀರಿಗೆ ಕಾಲಿಟ್ಟಂತಹ ತಂಪು. ಅಲ್ಲಿ ಕೂತಿರುತ್ತಿದ್ದ ಮುದುಕರೊಬ್ಬರು ಚಪ್ಪಲಿ ಹೊರಗೆ ಬಿಟ್ಟಿದ್ದೇವೋ ಇಲ್ಲವೋ ನೋಡುತ್ತಿದ್ದರು, ಆಮೇಲೆ ತಮ್ಮ ಪಾಡಿಗೆ ತಾವು. ನಾವು ಕಂಬಕ್ಕೆ ಬೆನ್ನು ಕೊಟ್ಟು ಕಾಲು ಚಾಚಿ ಕೂರುತ್ತಿದ್ದೆವು.

ಇಡೀ ಬಾಲ್ಯದಲ್ಲಿ ಹಗಲು ಹೊತ್ತು ನಮ್ಮನ್ನು ಕೂಡಿಹಾಕಿದ್ದು ನನಗೆ ನೆನಪಿರುವುದು ಒಂದೇ ದಿನ: 1980ರ ಫೆಬ್ರವರಿ 16. ಸೂರ್ಯಗ್ರಹಣ. ರಾಯಚೂರಿನ ಕಡೆ ಸೂರ್ಯ ಪೂರ್ತಿ ಮುಚ್ಚಿದ್ದ, ನಮ್ಮಲ್ಲಿ ಅರೆಗತ್ತಲು. ಕಿಟಕಿಗೆ ಗೋಣಿಚೀಲ ಕಟ್ಟಿ ಎಲ್ಲ ಮಕ್ಕಳನ್ನು ಒಳಕೋಣೆಯಲ್ಲಿ ಕೂಡಿಸಿದ್ದರು. ಮೂರು ತಾಸು ಅದು ನಮಗೆ ಸೆರೆಮನೆಯೇ ಆಗಿತ್ತು. ಈಗ ಮೊಮ್ಮಗಳು ಸೂಟಿಯಲ್ಲಿ ದಿನಕ್ಕೆ ಹತ್ತು ತಾಸು ಹಾಗೆಯೇ ಇರುತ್ತಾಳೆ, ಕೂಲರ್ ಮುಂದೆ, ಫೋನ್ ಹಿಡಿದುಕೊಂಡು.

ನಮ್ಮನ್ನು ಯಾರೂ ನೋಡುತ್ತಿರಲಿಲ್ಲ ಎಂದು ಹೇಳುವವರಿದ್ದಾರೆ. ಅದು ಖರೆ ಅಲ್ಲ. ಒಮ್ಮೆ ಗೆಳತಿಯೂ ನಾನೂ ಯಾರಿಗೂ ಹೇಳದೆ ರೈಲು ನೋಡಲು ಸ್ಟೇಷನ್ನಿನ ತನಕ ನಡೆದು ಹೋದೆವು. ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ, "ರೈಲು ಛಲೋ ಇತ್ತೇನು?" ಅಂದರು. ಟಾಂಗಾ ಹೊಡೆಯುವ ಚಾಚಾ ನಮ್ಮನ್ನು ಕಂಡು, ದಾರಿಯಲ್ಲಿ ಅಪ್ಪನಿಗೆ ಹೇಳಿ ಮುಂದೆ ಹೋಗಿದ್ದರು. ಗಿರಣಿಯ ಅಕ್ಕ, ಪಾನ್ ಅಂಗಡಿಯ ಮಾಮು, ಕಟ್ಟೆಯ ಮೇಲೆ ಕೂತ ಮುದುಕಿಯರು, ಎಲ್ಲರಿಗೂ ನಾವು ಯಾರ ಮಕ್ಕಳೆಂದು ಗೊತ್ತಿತ್ತು. ಹೋಳಿಯಾದ ಐದನೇ ದಿನ ಶರಣಬಸವೇಶ್ವರ ಜಾತ್ರೆಯಲ್ಲಿ ತಪ್ಪಿಸಿಕೊಂಡಾಗ ಬಳೆಗಾರ್ತಿಯೊಬ್ಬಳು ನನ್ನನ್ನು ತನ್ನ ಬುಟ್ಟಿಯ ಪಕ್ಕ ಕೂಡಿಸಿಕೊಂಡು, ಮೈಕಿನಲ್ಲಿ ಹೇಳಿಸಿ, ಅಪ್ಪ ಬರುವ ತನಕ ಕೈಗೆ ಹಸಿರು ಬಳೆ ತೊಡಿಸಿ ಆಡಿಸಿದ್ದಳು. ನೂರು ಕಣ್ಣು ಇದ್ದವು. ಅವು ಕಾಯುತ್ತಿದ್ದವು, ಹಿಂಬಾಲಿಸುತ್ತಿರಲಿಲ್ಲ.

ಆ ಕಾಲದಲ್ಲಿ ಎಲ್ಲವೂ ಛಲೋ ಇತ್ತೆಂದು ಬರೆದರೆ ಸುಳ್ಳಾಗುತ್ತದೆ. ನಮ್ಮ ಓಣಿಯ ಒಬ್ಬ ಹುಡುಗ ಬಾವಿಗೆ ಈಸಲು ಹೋದವನು ಮರಳಿ ಬರಲಿಲ್ಲ. ಅವನ ಅವ್ವ ಆಮೇಲೆ ವರ್ಷಗಟ್ಟಲೆ ಸಂಜೆ ಆಜಾನ್ ಆದಾಗ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಇನ್ನೊಂದು ಮಾತು, ಇದು ಹೆಣ್ಣುಮಕ್ಕಳಿಗೆ ಸೇರಿದ್ದು. 1981ರ ಬೇಸಿಗೆಯಲ್ಲಿ ಒಂದು ದಿನ ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಅವ್ವ "ಉಂಡೀ?" ಎನ್ನಲಿಲ್ಲ. "ಇನ್ನ ಸಾಕು. ದೊಡ್ಡಾಕಿ ಆದಿ" ಅಂದಳು. ಅಷ್ಟೇ. ನನ್ನ ಅಣ್ಣ ಕಾಲೇಜು ಮುಗಿಸುವ ತನಕ ಕೋಟೆಗೆ ಹೋಗುತ್ತಿದ್ದ. ನನ್ನ ಪಾಲಿನ ಕೋಟೆ ಆ ಮಧ್ಯಾಹ್ನವೇ ಮುಗಿಯಿತು. ಹೆಣ್ಣುಮಗುವಿನ ಕೈಯ ವಾಚಿನ ಬಗ್ಗೆ ಬರೆಯುವಾಗ ಇದನ್ನು ಬಿಡಲು ಆಗದು.

ಈಗ ವಾಚಿನ ತಪ್ಪುಗಳು. ಕಾರ್ತಿಕದ ಒಂದು ಸಂಜೆ ಫೋನ್ ತೆರೆದರೆ ಹುಡುಗಿಯ ಚುಕ್ಕೆ ನಮ್ಮ ಊರಿನ 'ಅಪ್ಪನ ಕೆರೆ'ಯ ನಟ್ಟನಡುವೆ ನಿಂತಿತ್ತು. ನೀರಿನ ನೀಲಿಯ ಮೇಲೆ ಅವಳ ಫೋಟೋ. ನನಗೆ ಆ ಬಾವಿಯ ಹುಡುಗನೇ ಕಣ್ಣಿಗೆ ಬಂದ. ಕರೆ ಮಾಡಿದರೆ ಹೋಗುತ್ತಿಲ್ಲ. ಮೊಣಕಾಲು ನೋವನ್ನೂ ಮರೆತು ಬರಿಗಾಲಲ್ಲಿ ಓಡಿದೆ. ಹಿಂದಿನ ಓಣಿಯಲ್ಲಿ ಗೆಳತಿಯ ಮನೆಯ ಮೆಟ್ಟಿಲ ಕೆಳಗೆ ಕೂತು ಇಬ್ಬರೂ ಕಾಗದದ ದೋಣಿ ಮಾಡುತ್ತಿದ್ದರು. "ಆಯಿ, ಯಾಕ ಓಡಿಕೋತ ಬಂದಿ?" ಎಂದು ಕೇಳಿದಳು. ನನಗೆ ಮಾತು ಹೊರಡಲಿಲ್ಲ.

ಕಾರಣ ಆಮೇಲೆ ಮಗ ತಿಳಿಸಿ ಹೇಳಿದ. ಜಿಪಿಎಸ್ ಸರಿಯಾಗಿ ಲೆಕ್ಕ ಹಾಕಲು ಕನಿಷ್ಠ ನಾಲ್ಕು ಉಪಗ್ರಹ ಕಾಣಬೇಕು, ಅದಕ್ಕೆ ಮೇಲೆ ಆಕಾಶ ತೆರೆದಿರಬೇಕು. ಹಳೆ ಊರಿನ ದಪ್ಪ ಕಲ್ಲುಗೋಡೆ, ಇಕ್ಕಟ್ಟು ಓಣಿ, ಮನೆಯೊಳಗೆ ಅದು ಸಿಗುವುದಿಲ್ಲ. ಆಗ ವಾಚ್ ಮೊಬೈಲ್ ಟವರ್ ಹಿಡಿದು ಅಂದಾಜಿನಲ್ಲಿ ಚುಕ್ಕೆ ಇಡುತ್ತದೆ. ಆ ಅಂದಾಜು ನೂರಾರು ಮೀಟರ್ ತಪ್ಪಬಹುದು. ತಪ್ಪಲಿ. ಆದರೆ ಅದು ಅಂದಾಜು ಎಂದು ಪರದೆಯ ಮೇಲೆ ಹೇಳಬೇಕಿತ್ತು. ಉಪಗ್ರಹದ ಚುಕ್ಕೆಗೂ ಅಂದಾಜಿನ ಚುಕ್ಕೆಗೂ ನನ್ನ ಆ್ಯಪಿನಲ್ಲಿ ಬಣ್ಣ ಒಂದೇ. ಇದನ್ನು ನಾನು ಕ್ಷಮಿಸುವುದಿಲ್ಲ. ಮಾರ್ಚಿನಲ್ಲಿ ಜಾತ್ರೆಯ ದಿನವೂ ಅಷ್ಟೇ: ಲಕ್ಷ ಜನರ ನಡುವೆ ನೆಟ್‌ವರ್ಕ್ ಸಿಕ್ಕಿಹಾಕಿಕೊಂಡು, ತೇರು ಎಳೆದು ಮುಗಿಯುವ ತನಕ ಚುಕ್ಕೆ ನಮ್ಮ ಮನೆಯ ಮೇಲೆಯೇ ಇತ್ತು. ಹುಡುಗಿ ನನ್ನ ಸೆರಗು ಹಿಡಿದುಕೊಂಡಿದ್ದಳು.

ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಮಗುವಿಗೆ ತಿಳಿಯದಂತೆ ವಾಚಿನ ಸುತ್ತಲಿನ ಮಾತು ಕೇಳಿಸಿಕೊಳ್ಳುವ ಸೌಲಭ್ಯ. ನಮ್ಮ ಫೋನಿನಿಂದ ಒತ್ತಿದರೆ ಸಾಕು, ಅತ್ತ ಗಂಟೆ ಬಾರಿಸುವುದಿಲ್ಲ, ಇತ್ತ ಎಲ್ಲ ಕೇಳುತ್ತದೆ. ಒಂದು ದಿನ ಒತ್ತಿದೆ. ಮೂರ್ನಾಲ್ಕು ಹುಡುಗಿಯರ ನಗು, ಬಳೆಯ ಸದ್ದು. ಯಾರೋ ಏನೋ ಗುಟ್ಟು ಹೇಳಲು ಹೊರಟಿದ್ದರು. ನನ್ನ ಮೊಮ್ಮಗಳು ಪಿಸುದನಿಯಲ್ಲಿ, "ಶ್, ಹೇಳಬ್ಯಾಡ. ಇದು ಕೇಳ್ತದ. ನಮ್ಮ ಆಯಿ ಕೇಳಸ್ಕೋತಾಳ" ಅಂದಳು. ಆಮೇಲೆ ಎಲ್ಲರೂ ಸುಮ್ಮನಾದರು. ಆ ಸುಮ್ಮನಿರುವಿಕೆ ಇನ್ನೂ ನನ್ನ ಕಿವಿಯಲ್ಲಿದೆ. ಹನ್ನೊಂದು ವರ್ಷಕ್ಕೆ ನನ್ನ ಹತ್ತಿರ ಎಷ್ಟು ಗುಟ್ಟು ಇದ್ದವು! ತೋಪಿನ ಬಾಯಿಯೊಳಗೆ ಬಗ್ಗಿ ಹೇಳಿ ಬಂದ ಗುಟ್ಟುಗಳು. ಅವ್ವನಿಗೆ ಒಂದೂ ಗೊತ್ತಿರಲಿಲ್ಲ, ಗೊತ್ತಾಗಬೇಕೆಂದು ಅವಳಿಗೆ ಅನಿಸಿದ್ದೂ ಇಲ್ಲ.

ಅಂದೇ ರಾತ್ರಿ ಮಗನಿಂದ ಆ ಸೌಲಭ್ಯ ತೆಗೆಸಿದೆ, ಮೊಮ್ಮಗಳನ್ನು ಕೂಡಿಸಿಕೊಂಡು ಒಪ್ಪಿಕೊಂಡೆ. ಜರ್ಮನಿಯಲ್ಲಿ 2017ರ ನವೆಂಬರಿನಲ್ಲೇ ಹೀಗೆ ಗುಟ್ಟಾಗಿ ಕೇಳಿಸಿಕೊಳ್ಳುವ ಮಕ್ಕಳ ವಾಚುಗಳ ಮಾರಾಟ ನಿಷೇಧಿಸಿದ್ದಾರೆ. ಪಾಲಕರು ಕ್ಲಾಸಿನಲ್ಲಿ ಶಿಕ್ಷಕರ ಮಾತನ್ನೂ ಕೇಳುತ್ತಿದ್ದಾರೆಂದು ಅಲ್ಲಿನ ಸರಕಾರಿ ಸಂಸ್ಥೆ ಹೇಳಿತ್ತು. ಅದರ ಹಿಂದಿನ ತಿಂಗಳು ನಾರ್ವೆಯ ಗ್ರಾಹಕ ಮಂಡಳಿ ಕೆಲವು ವಾಚುಗಳನ್ನು ಪರೀಕ್ಷಿಸಿ, ಅಪರಿಚಿತರೂ ಒಳಹೊಕ್ಕು ಮಗುವಿನ ಜಾಗ ತಿಳಿಯಬಹುದೆಂದು ತೋರಿಸಿತ್ತು. ನೀವು ಕೊಳ್ಳುವ ವಾಚಿನಲ್ಲಿ ಈ ಸೌಲಭ್ಯ ಇದೆಯೇ, ತೆಗೆಯಲು ಬರುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿರಿ. ತೆಗೆಯಲು ಬಾರದಿದ್ದರೆ ಕೊಳ್ಳಬೇಡಿರಿ.

ಹಾಗಾದರೆ ವಾಚ್ ಬಿಚ್ಚಿಟ್ಟೆವೇ? ಇಲ್ಲ. ನಮ್ಮ ಕಾಲದ ಓಣಿಯಲ್ಲಿ ಸೈಕಲ್ಲು, ಟಾಂಗಾ, ಕೈಗಾಡಿ. ಈಗ ಅದೇ ಓಣಿಯಲ್ಲಿ ಹುಡುಗರು ಬೈಕ್ ಹಾರಿಸುತ್ತಾರೆ, ಕಟ್ಟೆಗಳನ್ನು ಒಡೆದು ಕಾರು ನಿಲ್ಲಿಸಿದ್ದಾರೆ, ಕೂರುವ ಮುದುಕಿಯರೂ ಇಲ್ಲ. ಸೊಸೆಯ ಅಂಜಿಕೆ ಸುಳ್ಳಲ್ಲ. ನಾನು ಮಾಡಿದ್ದು ಇಷ್ಟು. ವಾಚಿನ ಗಡಿ, ಅಂದರೆ ಮಗು ದಾಟಿದರೆ ನಮ್ಮ ಫೋನಿಗೆ ಸೂಚನೆ ಬರುವ ಗೆರೆ, ಮೊದಲು ಮನೆಯ ಸುತ್ತ ಇನ್ನೂರು ಮೀಟರ್ ಇತ್ತು, ಅದನ್ನು ಮೂರು ಕಿಲೋಮೀಟರಿಗೆ ಹಿಗ್ಗಿಸಿದೆ. ದಿನಕ್ಕೆ ಹತ್ತು ಸಲ ಫೋನ್ ತೆರೆಯುವ ಚಟ ಬಿಟ್ಟೆ. ಮೊಮ್ಮಗಳ ಕೈ ಹಿಡಿದುಕೊಂಡು ಗಿರಣಿ, ಮೆಡಿಕಲ್ ಅಂಗಡಿ, ಸುಸಲಾ-ಮಿರ್ಚಿ ಬಂಡಿ, ದರ್ಜಿ, ಸೈಕಲ್ ಪಂಕ್ಚರಿನ ಚಾಚಾ, ಎಲ್ಲರ ಮುಂದೆ ನಿಂತು, "ಇಕಿ ನನ್ನ ಮೊಮ್ಮಗಳು, ಸ್ವಲ್ಪ ಲಕ್ಷ್ಯ ಇರಲಿರಿ" ಎಂದು ಹೇಳಿ ಬಂದೆ. ವಾಚಿನಲ್ಲಿ ಹತ್ತು ನಂಬರ್ ಇಡಬಹುದು. ಗಿರಣಿಯದು, ಮೆಡಿಕಲಿನದು, ಚಾಚಾನದು ಕೂಡಿಸಿದೆ. ಚಾಚಾ ತಮ್ಮ ನಂಬರ್ ಹೇಳುವಾಗ ಕೈ ಒರೆಸಿಕೊಂಡು ಎದ್ದು ನಿಂತರು.

ಐದಕ್ಕೆ ಮೂರು ಅಂಕ. ಮಗುವನ್ನು ಇನ್ನಷ್ಟು ದೂರ ಕಳಿಸುವ ಮನಸ್ಸಿದ್ದರೆ ಕೊಳ್ಳಿರಿ. ಇನ್ನಷ್ಟು ಹತ್ತಿರ ಕಟ್ಟಿಕೊಳ್ಳಲು ಬೇಡ.

ಹೋದ ಭಾನುವಾರ ಹುಡುಗಿ ಇಬ್ಬರು ಗೆಳತಿಯರ ಜೊತೆ ಸೈಕಲ್ಲಿನಲ್ಲಿ ಕೋಟೆಗೆ ಹೋಗುತ್ತೇನೆಂದು ಹಟ ಹಿಡಿದಳು. ಇಬ್ಬರಲ್ಲಿ ಒಬ್ಬಳು ಒಂಬತ್ತನೇ ಕ್ಲಾಸು. ಸೊಸೆ ಬಾಗಿಲಲ್ಲಿ ನಿಂತು ಬಹಳ ಹೊತ್ತು ಯೋಚಿಸಿದಳು, ಆಮೇಲೆ ವಾಚಿನ ಚಾರ್ಜ್ ನೋಡಿ ಹೂಂ ಅಂದಳು. ವಾಚ್ ಇರದಿದ್ದರೆ ಆ ಹೂಂ ಬರುತ್ತಿರಲಿಲ್ಲ. ನಾನು "ಉಂಡೀ?" ಎಂದು ಕೇಳಿದೆ.

ಸಂಜೆಯ ಆಜಾನಿಗೆ ಮೊದಲೇ ಬಂದಳು, ಮುಖವೆಲ್ಲ ಧೂಳು. ತೋಪಿನ ಪಕ್ಕದಲ್ಲಿ ಈ ತುದಿಯಿಂದ ಆ ತುದಿಗೆ ನಡೆದು ಅಳೆದಿದ್ದಾಳೆ. "ಆಯಿ, ನನ್ನ ಹೆಜ್ಜಿಲೆ ಹದಿನಾರು" ಅಂದಳು. ಅಷ್ಟು ವರ್ಷ ಅದರ ಬೆನ್ನ ಮೇಲೆ ನಡೆದರೂ ನಾವು ಎಂದೂ ಎಣಿಸಿರಲಿಲ್ಲ.