ಕಿಟ್ ಲೆನ್ಸಿನ ನಂತರ ಯಾವುದು: 50 ಮಿ.ಮೀ. ಪ್ರೈಮ್ ಅಥವಾ 55–250 ಜೂಮ್?

ಕ್ಯಾನನ್ 700ಡಿ ಕ್ಯಾಮೆರಾದೊಂದಿಗೆ ಬಂದ 18–55 ಮಿ.ಮೀ. ಕಿಟ್ ಲೆನ್ಸಿನಲ್ಲಿ ಒಂದು ವರ್ಷ ಚಿತ್ರ ತೆಗೆದ ಮೇಲೆ ಇನ್ನೊಂದು ಲೆನ್ಸ್ ಬೇಕೆನಿಸಿತು. ಕೂಡಿಟ್ಟ ಹಣ ಒಂದಕ್ಕೆ ಮಾತ್ರ ಸಾಲುವಂತಿತ್ತು. ಅಂಗಡಿಯವರ ಮಾತಿನ ಮೇಲೆ ಕೊಳ್ಳಲು ಮನಸ್ಸಾಗದೆ, ಜೂಮ್ ಆಗದ ಪ್ರೈಮ್ ಲೆನ್ಸಾದ 50 ಮಿ.ಮೀ. ಎಫ್/1.8 ಎಸ್‌ಟಿಎಂ ಮತ್ತು ದೂರದ್ದನ್ನು ಹತ್ತಿರ ತರುವ ಜೂಮ್ ಆದ 55–250 ಮಿ.ಮೀ. ಎಫ್/4–5.6 ಐಎಸ್ ಎಸ್‌ಟಿಎಂ ಎರಡನ್ನೂ ಗೆಳೆಯರಿಂದ ಎರವಲು ತಂದು, ನಾನು ನಿಜವಾಗಿ ಚಿತ್ರ ತೆಗೆಯುವ ಮೂರು ಜಾಗಗಳಲ್ಲಿ ಕಿಟ್ ಲೆನ್ಸಿನ ಜೊತೆಗಿಟ್ಟು ಪರೀಕ್ಷಿಸಿದೆ.

ವ್ಯತ್ಯಾಸ ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡದ್ದು ಯಕ್ಷಗಾನದ ರಂಗಸ್ಥಳದ ಮುಂದೆ. ಕಿಟ್ ಲೆನ್ಸನ್ನು 55ಕ್ಕೆ ತಂದಾಗ ಅದರ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಐಎಸ್‌ಒ (ಸಂವೇದಕ ಬೆಳಕಿಗೆ ಸ್ಪಂದಿಸುವ ಮಟ್ಟ) 1600ರಲ್ಲಿ ನನಗೆ ಸಿಕ್ಕ ಶಟರ್ ವೇಗ ಸೆಕೆಂಡಿನ 20ನೇ ಒಂದು ಭಾಗ. ವೇಷಧಾರಿ ಮಂಡಿ ಹಾಕಿ ತಿರುಗುವಾಗ ಕಿರೀಟವೂ ಮುಖವೂ ಒಂದೇ ಬಣ್ಣದ ಪಟ್ಟಿಯಾಗಿ ಕಲಸಿಹೋದವು. ಲೆನ್ಸಿನಲ್ಲಿರುವ ಸ್ಟೆಬಿಲೈಸರ್ (ಐಎಸ್) ನಮ್ಮ ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಎದುರಿಗಿರುವವರ ಚಲನೆಯನ್ನಲ್ಲ ಎಂಬುದು ಅಲ್ಲಿ ಚೆನ್ನಾಗಿ ಮನದಟ್ಟಾಯಿತು. ಅದೇ ಬೆಳಕಿನಲ್ಲಿ 50 ಮಿ.ಮೀ. ಲೆನ್ಸನ್ನು ಎಫ್/1.8ಕ್ಕೆ ತೆರೆದರೆ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು ಒಳಬರುವುದರಿಂದ, ಐಎಸ್‌ಒ ಬದಲಿಸದೆಯೇ 200ನೇ ಒಂದು ಭಾಗದ ವೇಗ ದೊರೆಯಿತು. ಸುತ್ತುತ್ತಿದ್ದ ವೇಷ ನಿಂತಿತು, ಕಣ್ಣಿನ ಕಾಡಿಗೆಯ ಅಂಚು ಕೂಡ ಉಳಿಯಿತು.

ಆಟಕ್ಕೆ ಮುನ್ನ ವೇಷ ಕಟ್ಟುವ ಜಾಗವಾದ ಚೌಕಿಯಲ್ಲಿ ಬಣ್ಣದ ವೇಷಕ್ಕೆ ಚುಟ್ಟಿ (ಮುಖದ ಮೇಲಿನ ಹಿಟ್ಟಿನ ಚುಕ್ಕೆಗಳು) ಇಡುವುದನ್ನೂ ಇದೇ ಲೆನ್ಸಿನಲ್ಲಿ ತೆಗೆದೆ. ಇದು 35 ಸೆಂಟಿಮೀಟರ್ ದೂರದಿಂದ ಫೋಕಸ್ ಮಾಡಬಲ್ಲದು. ಆದರೆ ಅರ್ಧ ಮೀಟರ್ ದೂರದಲ್ಲಿ ಎಫ್/1.8 ಇಟ್ಟಾಗ ಸ್ಪಷ್ಟವಾಗಿ ಕಾಣುವ ಆಳ ಒಂದು ಸೆಂಟಿಮೀಟರಿಗೂ ಕಡಿಮೆ. ರೆಪ್ಪೆ ಸ್ಪಷ್ಟವಾದರೆ ಮೂಗಿನ ತುದಿ ಮಸುಕಾಗುತ್ತದೆ, ಹಿಟ್ಟಿನ ಒಂದು ಚುಕ್ಕೆ ಎದ್ದು ಕಂಡರೆ ಪಕ್ಕದ ಸಾಲು ಕರಗುತ್ತದೆ. ಹತ್ತಿರದ ಮುಖಚಿತ್ರಕ್ಕೆ ಎಫ್/2.8 ಅಥವಾ ಅದಕ್ಕೂ ಹೆಚ್ಚು ಮುಚ್ಚಿ ತೆಗೆಯುವುದೇ ಸರಿ ಎಂದು ನನಗನಿಸಿದೆ.

ರಂಗನತಿಟ್ಟಿನಲ್ಲಿ ಇದೇ ಲೆನ್ಸ್ ಏನೂ ಕೆಲಸಕ್ಕೆ ಬರಲಿಲ್ಲ. ಬಣ್ಣದ ಕೊಕ್ಕರೆಗಳು ಮರದ ಮೇಲಿನ ಬಿಳಿ ಚುಕ್ಕೆಗಳಾಗಿ ಉಳಿದವು. ದೋಣಿಯಲ್ಲಿ ಕುಳಿತವರು ನಾಲ್ಕು ಹೆಜ್ಜೆ ಮುಂದೆ ಹೋಗುವಂತೆಯೂ ಇಲ್ಲ. 700ಡಿಯ ಸಂವೇದಕ ಚಿಕ್ಕದಾದ್ದರಿಂದ 250 ಮಿ.ಮೀ. ಲೆನ್ಸಿನ ನೋಟ ದೊಡ್ಡ ಸಂವೇದಕದ ಫುಲ್ ಫ್ರೇಮ್ ಕ್ಯಾಮೆರಾದ 400 ಮಿ.ಮೀ. ಲೆನ್ಸಿಗೆ ಸಮನಾಗುತ್ತದೆ. ಹಾಗಾಗಿ ಗೂಡಿಗೆ ಕಡ್ಡಿ ತರುತ್ತಿದ್ದ ಹಕ್ಕಿಯ ಬೆನ್ನಿನ ತುದಿಯ ಗುಲಾಬಿ ಗರಿಗಳು ಜೂಮಿನಲ್ಲಿ ಎಳೆ ಎಳೆಯಾಗಿ ಬಂದವು. ಬೆಳಗಿನ ಬಿಸಿಲಿದ್ದುದರಿಂದ ಎಫ್/5.6 ಕೊರತೆಯೆನಿಸಲಿಲ್ಲ. ಇಂಥ ಟೆಲಿ ಜೂಮ್ ಕೊಳ್ಳುವವರು ಹೆಸರಿನಲ್ಲಿ ಐಎಸ್ ಎಂಬ ಎರಡಕ್ಷರ ಇದೆಯೇ ಎಂದು ತಪ್ಪದೆ ನೋಡಬೇಕು. ಜೋಡಿ ಲೆನ್ಸಿನ ಕಿಟ್‌ಗಳಲ್ಲಿ ಕೆಲವೊಮ್ಮೆ ಅದಿಲ್ಲದ 75–300 ಬರುತ್ತದೆ; ಅಷ್ಟು ಉದ್ದದಲ್ಲಿ ಬರಿಗೈಯಲ್ಲಿ ಹಿಡಿದು ತೆಗೆಯುವವರಿಗೆ 250ಕ್ಕಿಂತ 50 ಮಿ.ಮೀ. ಹೆಚ್ಚು ಸಿಕ್ಕಿತೆಂಬ ಸಂತೋಷಕ್ಕಿಂತ ಸ್ಟೆಬಿಲೈಸರ್ ಇಲ್ಲದ ಕಷ್ಟವೇ ದೊಡ್ಡದು.

ಬೇಲೂರಿನಲ್ಲಿ ಮಾತ್ರ ಮೂರಕ್ಕೂ ಕೆಲಸವಿತ್ತು. ಜಗತಿಯನ್ನೂ ಸೇರಿಸಿ ಇಡೀ ಚೆನ್ನಕೇಶವ ದೇಗುಲವನ್ನು ಒಂದೇ ಚೌಕಟ್ಟಿನೊಳಗೆ ತರಲು 18 ಮಿ.ಮೀ. ಬೇಕಾಯಿತು, ಸೂರಿನಡಿಯ ಮದನಿಕೆಯರ ಒಡವೆಗಳ ಕುಸುರಿಗೆ 200ರ ಆಚೆಗೆ ಹೋಗಬೇಕಾಯಿತು, ನವರಂಗದ ಮಬ್ಬಿನಲ್ಲಿ ಕಡೆದ ಕಂಬಗಳ ಮೇಲಿನ ಮಿನುಗು 50ರಲ್ಲಿ ಚೆನ್ನಾಗಿ ಬಂತು. ಕಿಟ್ ಲೆನ್ಸನ್ನು ಹಗುರವಾಗಿ ಕಾಣುವವರಿಗೆ ನಾನು ಒಪ್ಪುವುದಿಲ್ಲ. ಹಗಲು ಬೆಳಕಿನಲ್ಲಿ ಎಫ್/8ರಲ್ಲಿ ತೆಗೆದ ಚಿತ್ರಗಳಲ್ಲಿ ಯಾವುದು ಯಾವ ಲೆನ್ಸಿನದೆಂದು ನನಗೇ ಗುರುತಿಸಲಾಗಲಿಲ್ಲ.

ನಿಕಾನ್ ಕೊಳ್ಳುವವರಿಗೆ ಒಂದು ಎಚ್ಚರಿಕೆಯ ಮಾತು. ಡಿ3000 ಮತ್ತು ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲದಿರುವುದರಿಂದ, ಹಳೆಯ 50 ಮಿ.ಮೀ. ಎಫ್/1.8ಡಿ ಅವುಗಳಲ್ಲಿ ತಾನಾಗಿ ಫೋಕಸ್ ಮಾಡುವುದಿಲ್ಲ. ಲೆನ್ಸಿನಲ್ಲೇ ಮೋಟಾರ್ ಇರುವ, ಎಎಫ್-ಎಸ್ ಎಂದು ಬರೆದಿರುವ 1.8ಜಿ ಬೇಕು. ಕ್ಯಾನನ್ನಿನಲ್ಲಿಯೂ 55–250 ಚಿಕ್ಕ ಸಂವೇದಕದ ಕ್ಯಾಮೆರಾಗಳಿಗೆಂದೇ ಮಾಡಿದ ಇಎಫ್-ಎಸ್ ವರ್ಗದ್ದಾದ್ದರಿಂದ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗೆ ಕೂರುವುದಿಲ್ಲ, 50 ಕೂರುತ್ತದೆ.

ನನ್ನ ಚಿತ್ರಗಳಲ್ಲಿ ಹೆಚ್ಚಿನವು ರಾತ್ರಿಯ ಆಟದವು, ಮನೆಯೊಳಗಿನ ಮಕ್ಕಳವು. ಅದಕ್ಕಾಗಿ 50 ಮಿ.ಮೀ. ಕೊಂಡೆ. ಹಕ್ಕಿಗಾಗಿಯೇ ಕ್ಯಾಮೆರಾ ಹಿಡಿಯುವವರು ಮೊದಲು 55–250 ಕೊಳ್ಳಲಿ ಎಂದೇ ನನ್ನ ಸಲಹೆ. ರಂಗನತಿಟ್ಟಿಗೆ ಹೋಗುವಾಗ ನಾನು ಅದನ್ನು ಈಗಲೂ ಗೆಳೆಯನಿಂದಲೇ ಕೇಳಿ ತರುತ್ತೇನೆ. ಅವನ ಮನೆಯ ನಾಮಕರಣಕ್ಕೆ ನನ್ನ 50 ಹೋಗಿ ಬಂದಿದೆ.