ದೊತೊರ್ನ್ ಕ್ಲಾಸಿಗೆ ತಂದ ಐವತ್ತು ರೂಪಾಯಿಯ ಪುಸ್ತಕ

ಕಾಸರಗೋಡಿನ ಕುಂಬಳೆ ಕಡೆಯ ಇಗರ್ಜಿಯೊಂದರಲ್ಲಿ (ಚರ್ಚಿನಲ್ಲಿ) ನಾನು ಎಂಟನೇ ಕ್ಲಾಸಿನ ಮಕ್ಕಳಿಗೆ ದೊತೊರ್ನ್, ಅಂದರೆ ಕಥೋಲಿಕ ಧರ್ಮದ ಪಾಠ, ಕಲಿಸುತ್ತೇನೆ. ಅವರ ಪ್ರಶ್ನೆಗಳಿಗೆ ಉತ್ತರ ಹುಡುಕಿ ಸಾಕಾಗಿ, ಹಬ್ಬದ ಸ್ಟಾಲಿನಲ್ಲಿ ಕಂಡ ಈ ಪ್ರಶ್ನೋತ್ತರ ಪುಸ್ತಕ ತಂದೆ. 64 ಪುಟ, 50 ರೂಪಾಯಿ. ಮೇಜಿನ ತುಂಬ ಮಲಯಾಳ ಪುಸ್ತಕಗಳು, ಕನ್ನಡದ್ದು ಇದೊಂದೇ, ಅದೂ ಮೇಣದಬತ್ತಿ ಪೆಟ್ಟಿಗೆಯ ಅಡಿಯಲ್ಲಿತ್ತು.

ಯೇಸುವಿನ ತಾಯಿ ಮರಿಯಮ್ಮನವರ ಭಾಗ ತುಂಬಾ ಚೆನ್ನಾಗಿದೆ. ಅಮಲೋದ್ಭವ ಅಂದರೆ ಯೇಸು ಗರ್ಭದಲ್ಲಿ ಮೂಡಿದ್ದು ಅಂತ ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಹೇಳುತ್ತಾರೆ. ಅದಲ್ಲ. ಮರಿಯಮ್ಮನವರೇ ತಮ್ಮ ತಾಯಿಯ ಗರ್ಭದಲ್ಲಿ ಜನ್ಮಪಾಪದ (ಎಲ್ಲರಿಗೂ ಹುಟ್ಟಿನಿಂದಲೇ ಬರುವ ಪಾಪದ) ಕಲೆ ಇಲ್ಲದೆ ಮೂಡಿದ್ದು. 1854ರಲ್ಲಿ ಒಂಬತ್ತನೇ ಪಯಸ್ ಪೋಪರು ಘೋಷಿಸಿದ್ದು ಇದನ್ನೇ. ಪುಸ್ತಕದವರು ಸುಲಭದ ಲೆಕ್ಕ ಕೊಟ್ಟಿದ್ದಾರೆ: ಅಮಲೋದ್ಭವದ ಹಬ್ಬ ಡಿಸೆಂಬರ್ 8, ಮರಿಯಮ್ಮನವರು ಹುಟ್ಟಿದ ಹಬ್ಬವಾದ ಮೊಂತಿ ಫೆಸ್ತ್ ಸೆಪ್ಟೆಂಬರ್ 8. ಮಕ್ಕಳು ಬೆರಳು ಮಡಚಿ ಎಣಿಸಿದರು, ಸರಿಯಾಗಿ ಒಂಬತ್ತು ತಿಂಗಳು! ಆಮೇಲೆ ಒಬ್ಬರೂ ತಪ್ಪು ಹೇಳಿಲ್ಲ.

ನಮ್ಮ ಬೈಬಲಿನಲ್ಲಿ 73 ಪುಸ್ತಕ, ಪ್ರೊಟೆಸ್ಟೆಂಟರದ್ದರಲ್ಲಿ 66 ಯಾಕೆ ಅನ್ನೋದಕ್ಕೂ ಒಂದು ಪುಟದಲ್ಲಿ ಉತ್ತರ ಇದೆ, ಸಾಕು.

ಕುಮ್ಸಾರಿನ (ಫಾದರ್ ಹತ್ತಿರ ಪಾಪ ಒಪ್ಪಿಕೊಳ್ಳುವುದರ) ಭಾಗ ಮಾತ್ರ ಓದೋಕಾಗಲ್ಲ. ಆರು ಪುಟ ಬರೀ ದೊಡ್ಡ ದೊಡ್ಡ ಪದ. ನನ್ನ ಕ್ಲಾಸಿನ ಹುಡುಗ ಕೇಳಿದ್ದು ಇಷ್ಟೇ: "ಟೀಚರೇ, ನಾನು ಹೇಳಿದ್ದನ್ನ ಫಾದರ್ ಅಮ್ಮನಿಗೆ ಹೇಳ್ತಾರಾ?" ಇಲ್ಲ ಮಗಾ, ಯಾರಿಗೂ ಹೇಳುವ ಹಾಗಿಲ್ಲ, ಪೊಲೀಸರಿಗೂ ಇಲ್ಲ, ಹೇಳಿದರೆ ಅವರಿಗೇ ಬಹಿಷ್ಕಾರ. ಈ ಎರಡು ಸಾಲು ಆರು ಪುಟದಲ್ಲಿ ಎಲ್ಲೂ ಇಲ್ಲ.

ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸು ಕಾಲ ಬೂದಿ ಬುಧವಾರ ಶುರು ಅಂತ ಬರೆದು ಬಿಟ್ಟಿದ್ದಾರೆ. ಆದರೆ ಕಾಸರಗೋಡಿನ ಮಕ್ಕಳ ಶಾಲೆಯಲ್ಲಿ ಪಕ್ಕದ ಬೆಂಚಿನಲ್ಲೇ ಸೀರೋ ಮಲಬಾರ್ (ಕೇರಳದ ಪೂರ್ವ ಪದ್ಧತಿಯ ಕಥೋಲಿಕ) ಮಕ್ಕಳಿರುತ್ತಾರೆ, ಅವರ ಮನೆಯಲ್ಲಿ ಸೋಮವಾರದಿಂದಲೇ ಮೀನು-ಮಾಂಸ ಬಂದ್. ನಮ್ಮ ಮಕ್ಕಳು ಕೇಳುತ್ತಾರೆ: "ಅವರೂ ಕಥೋಲಿಕರೇ ಅಲ್ವಾ, ಮತ್ತೆ ಎರಡು ದಿನ ಮೊದಲು ಯಾಕೆ?" ಕಥೋಲಿಕ ಸಭೆ (ಚರ್ಚ್) ಅಂದರೆ ನಮ್ಮ ಲ್ಯಾಟಿನ್ ಸಭೆಯೊಂದೇ ಅಲ್ಲ. ಪೂರ್ವದ 23 ಸಭೆಗಳು ಸೇರಿ ಒಟ್ಟು 24 ಇವೆ, ಪೋಪ್ ಒಬ್ಬರೇ, ಪೂಜೆಯ ಕ್ರಮ, ಉಪವಾಸದ ಲೆಕ್ಕ ಬೇರೆ ಬೇರೆ. ಗಡಿಯಾಚೆ ಕೂತು ಬರೆದವರಿಗೆ ಈ ಪ್ರಶ್ನೆ ಹೊಳೆಯದೆ ಇರಬಹುದು, ನಮಗೆ ಪ್ರತಿ ವರ್ಷ ಬರುತ್ತದೆ.

ಅಕ್ಷರ ಸಣ್ಣದು, ಎರಡನೇ ವಾರಕ್ಕೇ ನಡುವಿನ ನಾಲ್ಕು ಹಾಳೆ ಕಿತ್ತು ಬಂತು. ಐದಕ್ಕೆ ಮೂರು ಕೊಡುತ್ತೇನೆ. ದೊತೊರ್ನ್ ಟೀಚರುಗಳು ತೆಗೆದುಕೊಳ್ಳಿ, ಮಕ್ಕಳ ಕೈಗೆ ಕೊಡಬೇಡಿ. ಕೊನೆಯ ಖಾಲಿ ಪುಟದಲ್ಲಿ ಸೋಮವಾರ-ಬುಧವಾರದ ಉತ್ತರವನ್ನು ನಾನೇ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.